ದೊಡ್ಡ ಸ್ವೆಟರು

ಈ ಸಲದ ನವರಾತ್ರಿಯಲ್ಲಿ ಗೊಂಬೆಯ ಚರುಪು ತಿನ್ನುತ್ತ ಕುಳಿತಿದ್ದ ನನ್ನ ಮೊಮ್ಮಗಳು, "ಅಜ್ಜೀ, ಈ ಚಳಿಗೆ ನನಗೊಂದು ಸ್ವೆಟರು ಹಾಕಿಕೊಡು" ಎಂದಳು. ದೆಹಲಿಯ ಅಂಗಡಿಗಳಲ್ಲಿ ಯಂತ್ರದ ಸ್ವೆಟರುಗಳು ಗುಡ್ಡೆ ಬಿದ್ದಿರುವ ಈ ಕಾಲದಲ್ಲಿ ಅಜ್ಜಿಯ ಕೈಯ ಸ್ವೆಟರನ್ನು ಕೇಳುವವರು ಯಾರು? ನಾನು ಉಬ್ಬಿಹೋದೆ. ಆದರೆ ಅವಳ ಮುಂದಿನ ಮಾತು ಕೇಳಿ ಉಬ್ಬಿದ್ದೆಲ್ಲ ಇಳಿಯಿತು. "ಸ್ವೆಟರು ನನ್ನ ಅಳತೆಗಿಂತ ತುಂಬ ದೊಡ್ಡದಾಗಿರಬೇಕು. ಆದರೆ ಹಾಕಿಕೊಂಡರೆ ನಾನು ದಪ್ಪ ಕಾಣಬಾರದು, ಚೆನ್ನಾಗಿ ಕಾಣಬೇಕು." ಈಗ ಅದೇ ಫ್ಯಾಷನ್ನಂತೆ. ಫೋನಿನಲ್ಲಿ ಚಿತ್ರವನ್ನೂ ತೋರಿಸಿದಳು.

ದೊಡ್ಡದೂ ಆಗಬೇಕು, ದಪ್ಪವೂ ಕಾಣಬಾರದು! ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ. ನಾನು ಉತ್ತರ ಹುಡುಕುವ ಮೊದಲೇ ನನ್ನ ಮಗಳು ನಕ್ಕಳು. "ದೊಡ್ಡ ಸ್ವೆಟರು ತಾನೆ? ಅದರಲ್ಲಿ ನಿಮ್ಮಜ್ಜಿಯನ್ನು ಮೀರಿಸುವವರಿಲ್ಲ ಬಿಡು" ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ನಗೆಯಲ್ಲಿ ಒಂದು ಸಣ್ಣ ಮುಳ್ಳಿತ್ತು. ಅದೇನೆಂದು ತಿಳಿಸಬೇಕಾದರೆ ನಾನು ಸ್ವೆಟರು ಹಾಕಲು ಕಲಿತ ಕಥೆಯಿಂದಲೇ ಆರಂಭಿಸಬೇಕು.

ನಾನು ಮದುವೆಯಾಗಿ ದೆಹಲಿಗೆ ಬಂದದ್ದು 1970ರಲ್ಲಿ. ಮೈಸೂರಿನ ಹುಡುಗಿ, ಚಳಿ ಎಂದರೆ ಧನುರ್ಮಾಸದ ಬೆಳಗ್ಗೆ ದೇವಸ್ಥಾನಕ್ಕೆ ಹೋಗುವಾಗ ಸೆರಗು ಹೊದ್ದುಕೊಳ್ಳುವಷ್ಟು, ಅಷ್ಟೆ. ಇಲ್ಲಿಯಾದರೋ ಡಿಸೆಂಬರು ಬರುತ್ತಲೂ ನಲ್ಲಿಯ ನೀರು ಚೇಳಿನಂತೆ ಕುಟುಕತೊಡಗಿತು. ನಾವಿದ್ದ ಸರ್ಕಾರಿ ಕ್ವಾರ್ಟರ್ಸಿನ ಹೆಂಗಸರು ಹನ್ನೊಂದು ಗಂಟೆಯ ಹೊತ್ತಿಗೆ ಅಡಿಗೆ ಮುಗಿಸಿ, ಚಾರ್‌ಪಾಯಿಗಳನ್ನು ಹುಲ್ಲಿನ ಮೇಲೆ ಎಳೆದು, ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಡಿಲಲ್ಲಿ ಕಡಲೆಕಾಯಿ, ಪಕ್ಕದಲ್ಲಿ ಕಿತ್ತಳೆ, ಕೈಯಲ್ಲಿ ಉಣ್ಣೆ. ಬಾಯಿ ಕೇರಿಯ ಸುದ್ದಿಯನ್ನೆಲ್ಲ ಆಡುತ್ತಿದ್ದರೂ ಕಡ್ಡಿಗಳು ನಿಲ್ಲುತ್ತಿರಲಿಲ್ಲ. ಆಫೀಸಿಗೆ ಹೋಗುವ ಹೆಂಗಸರು ಬಸ್ಸಿನಲ್ಲೂ ಊಟದ ವಿರಾಮದಲ್ಲೂ ಹೆಣೆಯುತ್ತಿದ್ದರು. ಮುಂದಿನ ಸೀಟಿನವರ ಬೆನ್ನ ಮೇಲಿನ ಡಿಸೈನನ್ನು ನೋಡಿ, ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು, ಮನೆಗೆ ಬಂದು ಹಾಗೆಯೇ ಹೆಣೆಯುವ ಜಾಣೆಯರೂ ಇದ್ದರು.

ನನ್ನ ಗುರು ಪಕ್ಕದ ಮನೆಯ ಪಂಜಾಬಿ ಮುದುಕಿ. ಎಲ್ಲರೂ ಅವರನ್ನು 'ಬೀಜಿ' ಎನ್ನುತ್ತಿದ್ದರು. ನನಗೆ ಹಿಂದಿ ಬಾರದು. ಅವರಿಗೆ ಪಂಜಾಬಿ ಬಿಟ್ಟರೆ ಬೇರೆ ಬಾರದು. ಆದರೂ ಸೀದಾ, ಉಲ್ಟಾ, ಫಂದಾ ಎಂಬ ಮೂರೇ ಮಾತಿನಲ್ಲಿ ನನ್ನ ವಿದ್ಯಾಭ್ಯಾಸ ನಡೆಯಿತು. ಫಂದಾ ಎಂದರೆ ನಮ್ಮ ಕುಣಿಕೆ. ಕಡ್ಡಿಗಳ ನಂಬರೂ ಒಂದು ವಿಚಿತ್ರ: ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. 8ನೆಯ ನಂಬರೆಂದರೆ 4 ಮಿಲಿಮೀಟರು. 10ನೆಯ ನಂಬರು 3.25 ಮಾತ್ರ.

ಮೊದಲ ಸ್ವೆಟರು ನಮ್ಮವರಿಗೆ. ಅವರ ಎದೆಯ ಸುತ್ತಳತೆ 36 ಅಂಗುಲ; ಸ್ವೆಟರು 40 ಇರಲಿ ಎಂದರು ಬೀಜಿ. ಅಂಗುಲಕ್ಕೆ ಐದೂವರೆ ಕುಣಿಕೆಯಂತೆ ಮುಂದಕ್ಕೆ 110, ಹಿಂದಕ್ಕೆ 110. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಐದೂವರೆ ಎನ್ನುವುದು ಬೀಜಿಯ ಕೈಯ ಲೆಕ್ಕ. ಹೊಸಬಳಾದ ನನ್ನ ಕೈ ಸಡಿಲ. ಅಂಗುಲಕ್ಕೆ ಐದೇ ಬೀಳುತ್ತಿತ್ತು. ಬರಿಯ ಅರ್ಧ ಕುಣಿಕೆಯ ವ್ಯತ್ಯಾಸ! ಅಷ್ಟಕ್ಕೇ 40 ಅಂಗುಲದ ಸ್ವೆಟರು 44 ಆಗಿ ಕುಳಿತಿತು. ನಮ್ಮವರು ಅದನ್ನು ತೊಟ್ಟು ಕನ್ನಡಿ ನೋಡಿಕೊಂಡು, "ಪರವಾಗಿಲ್ಲ, ನಮ್ಮ ಸೆಕ್ಷನ್ನಿನ ಇನ್ನೊಬ್ಬ ಗುಮಾಸ್ತನಿಗೂ ಇದರಲ್ಲಿ ಜಾಗವಿದೆ" ಎಂದರು. ಹಾಗೆಂದವರು ಅದನ್ನೇ ಹತ್ತು ಚಳಿಗಾಲ ಆಫೀಸಿಗೆ ಹಾಕಿಕೊಂಡು ಹೋದರು. ಈಗ ಯೋಚಿಸಿದರೆ ಅವರ ಆ ಒಳ್ಳೆಯತನವೇ ನನ್ನನ್ನು ಕೆಡಿಸಿತೆಂದು ತೋರುತ್ತದೆ. ಸ್ವೆಟರು ದೊಡ್ಡದಾದರೆ ಯಾರಿಗೂ ಏನೂ ನಷ್ಟವಿಲ್ಲ ಎಂದು ನಾನು ತಿಳಿದುಕೊಂಡೆ.

1979ರಲ್ಲಿ ಮಗಳು ಮೂರನೆಯ ತರಗತಿಯಲ್ಲಿದ್ದಳು. ಶಾಲೆಗೆ ಕಡುನೀಲಿ ಸ್ವೆಟರು ಹಾಕಿಕೊಂಡು ಹೋಗಬೇಕು. ಗುಮಾಸ್ತರ ಸಂಬಳ, ಲೂಧಿಯಾನದ ಒಳ್ಳೆಯ ಉಣ್ಣೆ ನಮಗೆ ಅಗ್ಗದ ಮಾಲಲ್ಲ. ಮೇಲಾಗಿ ಬೆಳೆಯುವ ಹುಡುಗಿ. ಈ ವರ್ಷಕ್ಕೆ ಸರಿಯಾದದ್ದು ಮುಂದಿನ ವರ್ಷಕ್ಕೆ ಗಿಡ್ಡವಾಗುತ್ತದೆ. ಅವಳ ಹಳೆಯ ಸ್ವೆಟರನ್ನು ನೆಲದ ಮೇಲೆ ಹರಡಿ, ಎಲ್ಲ ಕಡೆಗೂ ನಾಲ್ಕು ನಾಲ್ಕು ಬೆರಳು ಸೇರಿಸಿ ಹೆಣೆದುಬಿಟ್ಟೆ. ತೋಳು ಎರಡು ಮಡಿಕೆ ಮಡಿಸಿದರೂ ಬೆರಳ ತುದಿಗೆ ಬರುತ್ತಿತ್ತು. ಅಂಚು ಮೊಣಕಾಲು ಮುಟ್ಟುತ್ತಿತ್ತು. ಅದೂ ಸಾಲದೆ, ತೋಳನ್ನು ಹೆಗಲಿನಿಂದ ಕೆಳಕ್ಕೆ ಹೆಣೆದಿದ್ದೆ. ಹಾಗೆ ಹೆಣೆದರೆ ನಾಲ್ಕನೆಯ ವರ್ಷ ಬೇಕೆನಿಸಿದಾಗ ಮುಂಗೈಯ ಬಾರ್ಡರನ್ನು ಬಿಚ್ಚಿ ಇನ್ನೂ ಉದ್ದ ಮಾಡಿಕೊಳ್ಳಬಹುದು. ನನ್ನ ದೂರದೃಷ್ಟಿಯನ್ನು ಬೀಜಿಯೇ ಮೆಚ್ಚಿದ್ದರು.

ಆ ಸ್ವೆಟರು ಮೂರು ಚಳಿಗಾಲ ಬಂತು. ಮೂರು ವರ್ಷವಾದರೂ ಮೊಣಕೈ ಸವೆಯಲಿಲ್ಲ, ಬಣ್ಣ ಮಾಸಲಿಲ್ಲ. ನನ್ನ ಕೈಗುಣವೇ ಹಾಗೆ ಎಂದು ಅಕ್ಕಪಕ್ಕದವರಿಗೆಲ್ಲ ತೋರಿಸಿಕೊಂಡು ತಿರುಗಿದೆ. ಹುಡುಗಿಗೆ ಮಾತ್ರ ಪ್ರತಿ ಜನವರಿಯಲ್ಲೂ ಕೆಮ್ಮು, ನೆಗಡಿ. ಮೆಣಸಿನ ಕಷಾಯ ಮಾಡಿ ಕುಡಿಸಿ, "ಇಷ್ಟು ಬೆಚ್ಚಗಿನ ಸ್ವೆಟರಿದ್ದೂ ಇವಳಿಗೆ ಶೀತ ಹೇಗೆ ಹತ್ತುತ್ತದೋ" ಎನ್ನುತ್ತಿದ್ದೆ.

ಹೇಗೆ ಹತ್ತುತ್ತಿತ್ತೆಂಬುದು ಈ ನವರಾತ್ರಿಯಲ್ಲಿ ತಿಳಿಯಿತು. "ಹಾಕಿಕೊಂಡಿದ್ದರೆ ತಾನೆ ಅಮ್ಮ ಅದು ಸವೆಯುವುದು?" ಎಂದಳು ಮಗಳು. "ತರಗತಿಯ ಹುಡುಗಿಯರೆಲ್ಲ ನನ್ನನ್ನು 'ರಜಾಯಿ, ರಜಾಯಿ' ಎಂದು ಕೂಗುತ್ತಿದ್ದರು. ಬಸ್ಸು ಹತ್ತಿದ ಕೂಡಲೇ ತೆಗೆದು ಚೀಲಕ್ಕೆ ತುರುಕುತ್ತಿದ್ದೆ. ಮನೆಯ ಹತ್ತಿರ ಇಳಿಯುವ ಮೊದಲು ಮತ್ತೆ ಹಾಕಿಕೊಳ್ಳುತ್ತಿದ್ದೆ."

ರಜಾಯಿ ಎಂದರೆ ಇಲ್ಲಿಯವರು ಹೊದೆಯುವ ಹತ್ತಿಯ ದುಪ್ಪಟಿ. ಎಂಟು ವರ್ಷದ ಹುಡುಗಿ ದೆಹಲಿಯ ಚಳಿಯಲ್ಲಿ ಬರಿಯ ಅಂಗಿಯ ಮೇಲೆ ನಡುಗುತ್ತ ಕುಳಿತಿದ್ದಾಳೆ. ಸ್ವೆಟರು ಚೀಲದಲ್ಲಿ ಪುಸ್ತಕಗಳನ್ನು ಬೆಚ್ಚಗಿಟ್ಟಿದೆ. "ಒಂದು ಮಾತು ನನಗೇಕೆ ಹೇಳಲಿಲ್ಲ?" ಎಂದೆ.

"ನೀನು ರಾತ್ರಿಯೆಲ್ಲ ಕೂತು ಹಾಕಿದ್ದನ್ನು ನೋಡಿದ್ದೆನಲ್ಲಮ್ಮ" ಎಂದಳು.

ನಾನು ಚರುಪಿನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದೆ. ನಮ್ಮವರಿಗೂ ಅವರ ಸೆಕ್ಷನ್ನಿನಲ್ಲಿ ಏನು ಹೆಸರಿಟ್ಟಿದ್ದರೋ! ಕೇಳೋಣವೆಂದರೆ ಅವರು ಈಗ ಇಲ್ಲ.

ಇಷ್ಟಾದ ಮೇಲೆ ಮೊಮ್ಮಗಳ ಸ್ವೆಟರು ನನಗೆ ಒಂದು ಪರೀಕ್ಷೆಯೇ ಆಯಿತು. ಹುಟ್ಟುಗುಣ ಎಲ್ಲಿ ಹೋದೀತು? ಮೊದಲ ಸಲ ಹಳೆಯ ದಾರಿಯಲ್ಲೇ ಹೋದೆ. ದೊಡ್ಡದು ಎಂದಳಲ್ಲ, ಎಲ್ಲ ಕಡೆಗೂ ಸೇರಿಸಿದೆ: ಎದೆಗೆ, ಹೆಗಲಿಗೆ, ಕೊರಳಿಗೆ, ತೋಳಿಗೆ. ದಪ್ಪ ಉಣ್ಣೆಯನ್ನೇ ತಂದೆ. ಹೊಲಿದು ತೊಡಿಸಿ ನೋಡಿದರೆ ಹುಡುಗಿ ಅಗಸನ ಗಂಟಿನಂತೆ ನಿಂತಿದ್ದಳು. ಕೊರಳು ಒಂದು ಹೆಗಲಿನಿಂದ ಜಾರಿತ್ತು. ಸ್ವೆಟರು ತನ್ನ ಭಾರಕ್ಕೆ ತಾನೇ ಜೋತುಬಿದ್ದಿತ್ತು. ಪಾಪ, "ಚೆನ್ನಾಗಿದೆ ಅಜ್ಜೀ" ಎಂದಳು. ಆ ಮಾತು ಕೇಳಿಯೇ ನನಗೆ ಎದೆ ಧಸಕ್ಕೆಂದಿತು. ಇವಳೂ ಇದನ್ನು ಚೀಲಕ್ಕೆ ತುರುಕುವವಳೇ! ಆ ರಾತ್ರಿಯೇ ಬಿಚ್ಚಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮರುದಿನ ಅವಳನ್ನು ನನ್ನ ಮುಂದೆ ನಿಲ್ಲಿಸಿ, ಎರಡು ತೋಳನ್ನೂ ಚಾಚು ಎಂದೆ. ಟೇಪು ಹಿಡಿದು ಅಳೆಯುವಾಗ ನೆನಪಾಯಿತು: ಮಗಳನ್ನು ನಾನು ಹೀಗೆ ಒಂದು ದಿನವೂ ನಿಲ್ಲಿಸಿರಲಿಲ್ಲ. ನೆಲದ ಮೇಲೆ ಹರಡಿದ ಹಳೆಯ ಸ್ವೆಟರನ್ನು ಅಳೆದಿದ್ದೆ, ಮುಂದಿನ ವರ್ಷಗಳನ್ನು ಅಳೆದಿದ್ದೆ. 1979ರ ಹುಡುಗಿಗೆ 1981ರ ಹುಡುಗಿಯ ಸ್ವೆಟರು ಹಾಕಿದ್ದೆ.

ಸೋದರಿಯರಲ್ಲಿ ಯಾರಿಗಾದರೂ ಇಂಥ ಬೇಡಿಕೆ ಬಂದರೆ ಅನುಕೂಲವಾಗಲೆಂದು ನಾನು ಕಲಿತದ್ದನ್ನು ಹೇಳುತ್ತೇನೆ. ಸಡಿಲ ಬೇಕಾದದ್ದು ಎದೆ ಮತ್ತು ಬೆನ್ನಿನಲ್ಲಿ ಮಾತ್ರ. ಕೊರಳು, ಮಣಿಕಟ್ಟು ಎರಡೂ ಅವರವರ ಮೈಯ ಅಳತೆಗೇ ಇರಬೇಕು. ಅವೆರಡು ಸರಿಯಾಗಿ ಕುಳಿತರೆ ನಡುವಿನ ಸಡಿಲ ಬೇಕೆಂದೇ ಬಿಟ್ಟದ್ದಾಗಿ ಕಾಣುತ್ತದೆ; ಇಲ್ಲದಿದ್ದರೆ ಯಾರದೋ ಸ್ವೆಟರನ್ನು ಎರವಲು ತಂದಂತೆ ಕಾಣುತ್ತದೆ.

ಮೊಮ್ಮಗಳ ಎದೆ 36 ಅಂಗುಲ. ಅದಕ್ಕೆ 8 ಸೇರಿಸಿ 44 ಮಾಡಿದೆ. ಎಂದರೆ ಮುಂದೆ 22, ಹಿಂದೆ 22. ನಮ್ಮವರ ಮೊದಲ ಸ್ವೆಟರಿನ ಅಳತೆಯೇ! ಅಂದು ತಪ್ಪಿ ಬಂದದ್ದು, ಇಂದು ಬೇಕೆಂದು ಬಂತು. ಈ ಸಲ ತೆಳುವಾದ ಉಣ್ಣೆ ತಂದೆ; ದೊಡ್ಡ ಸ್ವೆಟರಿಗೆ ದಪ್ಪ ಉಣ್ಣೆ ಭಾರವಾಗಿ ಜೋಲುತ್ತದೆ, ತೆಳು ಉಣ್ಣೆ ಮೈಗೆ ಇಳಿಬಿದ್ದು ಒಪ್ಪುತ್ತದೆ. 10ನೆಯ ನಂಬರಿನ ಕಡ್ಡಿಯಲ್ಲಿ ನಾಲ್ಕು ಅಂಗುಲದ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಆಮೇಲೆ ಎಣಿಸಿದೆ. ಅಂಗುಲಕ್ಕೆ 7 ಬಂತು. 22ಕ್ಕೆ 154 ಕುಣಿಕೆ. ಈ ಚೌಕವನ್ನು ಹೆಣೆಯಲು ನಾನು ಐವತ್ತು ವರ್ಷ ಸೋಮಾರಿತನ ಮಾಡಿದ್ದೆ.

ತೋಳಿನ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ. ಮೈ ಅಗಲವಾದಷ್ಟೂ ಹೆಗಲಿನ ಹೊಲಿಗೆ ತೋಳಿನ ಮೇಲಕ್ಕೆ ಇಳಿಯುತ್ತದೆ. ಆದ್ದರಿಂದ ತೋಳು ಅಷ್ಟು ಚಿಕ್ಕದಾಗಬೇಕು. ಮಣಿಕಟ್ಟಿನಿಂದ ಮಣಿಕಟ್ಟಿಗೆ, ಬೆನ್ನ ಮೇಲೆ ಹಾಯಿಸಿ ಅಳೆದರೆ ಅವಳದು 52 ಅಂಗುಲ. ಅದರಲ್ಲಿ ಮೈಯ 22 ಕಳೆದರೆ ಉಳಿದದ್ದು 30. ಒಂದೊಂದು ತೋಳಿಗೆ 15. ನೋಡಿದರೆ ಮಗುವಿನ ತೋಳಿನಷ್ಟು ಗಿಡ್ಡವೆನಿಸುತ್ತದೆ. ಹೆದರಬೇಡಿ, ಹಾಕಿಕೊಂಡಾಗ ಸರಿಯಾಗಿ ಮಣಿಕಟ್ಟಿಗೇ ಬರುತ್ತದೆ. ಹೆಗಲಿನ ಹೊಲಿಗೆಯನ್ನು ಮಾತ್ರ ಬಿಗಿಯಾಗಿ ಹಾಕಿ. ಇಡೀ ಸ್ವೆಟರಿನ ಭಾರ ಹೊರುವುದು ಅದೇ. ಕೆಳಗಿನ ಬಾರ್ಡರನ್ನು ತೀರ ಬಿಗಿ ಮಾಡಬೇಡಿ. ಮಾಡಿದರೆ ನಡುವೆಲ್ಲ ಬಲೂನಿನಂತೆ ಉಬ್ಬುತ್ತದೆ. ಅಂಚು ಸೊಂಟದ ಅತಿ ಅಗಲವಾದ ಕಡೆ ನಿಲ್ಲದೆ, ಅದಕ್ಕಿಂತ ಮೇಲೋ ಕೆಳಗೋ ನಿಲ್ಲಲಿ.

ಕ್ರಿಸ್‌ಮಸ್ ರಜಕ್ಕೆ ಸ್ವೆಟರು ಮುಗಿಯಿತು. ಮೊಮ್ಮಗಳು ತೊಟ್ಟುಕೊಂಡು ಒಂದು ಸುತ್ತು ತಿರುಗಿದಳು. ಈ ಸಲ "ಚೆನ್ನಾಗಿದೆ" ಎನ್ನಲಿಲ್ಲ. ಗೆಳತಿಯ ಮನೆಗೆ ಹೋಗಿಬರುತ್ತೇನೆಂದು ಹಾಗೆಯೇ ಹೊರಟುಬಿಟ್ಟಳು. ನಾನು ಕಿಟಕಿಯಲ್ಲಿ ನಿಂತು, ಅವಳು ಬೀದಿಯ ತಿರುವು ದಾಟುವವರೆಗೂ ನೋಡಿದೆ. ತೆಗೆಯಲಿಲ್ಲ.

ಸಂಜೆ ಅವಳು ಬಂದು ಅದನ್ನು ಕುರ್ಚಿಯ ಮೇಲೆ ಹಾಕಿದಾಗ ಮಗಳು ಎತ್ತಿಕೊಂಡಳು. ಒಳಗೆ ಹೋಗಿ ತೊಟ್ಟು, ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ, ಏನೂ ಹೇಳದೆ ಅದನ್ನು ಬಿಚ್ಚಿ ಮಡಿಸಿಟ್ಟು, ನನ್ನ ಕಡೆ ತಿರುಗಿ ಎರಡು ತೋಳನ್ನೂ ಚಾಚಿದಳು. ನಾನು ಟೇಪು ತಂದೆ.

ಮಣಿಕಟ್ಟಿನಿಂದ ಮಣಿಕಟ್ಟಿಗೆ 51 ಅಂಗುಲ. ಬರೆದಿಟ್ಟುಕೊಂಡಿದ್ದೇನೆ. ಉಣ್ಣೆಯನ್ನು ತಾನೇ ಬಂದು ಆರಿಸುತ್ತಾಳಂತೆ. ಯಾವ ಬಣ್ಣವಾದರೂ ಆಗಬಹುದು, ನೀಲಿಯೊಂದು ಬೇಡ ಎಂದಿದ್ದಾಳೆ.