ಕೊಟ್ಟಿಗೆಯ ಜೀಪು

ಮಲೆನಾಡಿನ ಒಂದು ತೋಟದ ಮನೆ. ಅದರ ಕೊಟ್ಟಿಗೆಯಲ್ಲಿ, ಅಡಕೆಯ ಹಾಳೆಗಳ ರಾಶಿಯ ಹಿಂದೆ, ತಂದೆಯ ಕಾಲದ ವಿಲ್ಲೀಸ್ ಜೀಪೊಂದು ಬಹುಕಾಲ ನಿಂತೇ ಇತ್ತು. 1941ರಿಂದ 1945ರವರೆಗೆ ಅಮೆರಿಕೆಯ ಸೈನ್ಯಕ್ಕಾಗಿ ತಯಾರಾದ ಮಾದರಿಯದು; ಅರವತ್ತು ಅಶ್ವಶಕ್ತಿಯ ಎಂಜಿನ್ನು. ನಾಲ್ಕು ಚಕ್ರಗಳಿಗೂ ಬಲ ಹರಿಯುವುದರಿಂದ ಮಳೆಗಾಲದ ಕೆಸರಿಗೆ ಅದು ಹೆದರುತ್ತಿರಲಿಲ್ಲ. ಹೆದರಬೇಕಾದುದು ತುಕ್ಕಿಗೆ.

ನೀರೂ ಗಾಳಿಯೂ ಒಟ್ಟಾಗಿ ಕಬ್ಬಿಣವನ್ನು ಮುಟ್ಟಿದಲ್ಲಿ ತುಕ್ಕು ಹುಟ್ಟುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಅದು ಬೇಡುವುದರಿಂದ ಮೇಲಿನ ಬಣ್ಣ ಗುಳ್ಳೆಯೇಳುತ್ತದೆ. ಗುಳ್ಳೆ ಒಡೆದಲ್ಲಿ ಮತ್ತೆ ನೀರು.

ಮಗ ಜೀಪನ್ನು ಅಂಗಳಕ್ಕೆಳೆದು ಬಿಚ್ಚತೊಡಗಿದ. ಬೋಲ್ಟುಗಳಿಗೆ ಸೀಮೆಎಣ್ಣೆ ಹಾಕಿ ರಾತ್ರಿಯೆಲ್ಲ ಕಾಯಬೇಕು. ಅವಸರಪಟ್ಟು ಜಗಳಕ್ಕೆ ನಿಂತರೆ ತಲೆ ಮುರಿಯುತ್ತದೆ, ಬೋಲ್ಟಿನದು!

“ಪುಟ್ಟಿ ತುಂಬಿ ಬಣ್ಣ ಹೊಡೆದರಾಯಿತು, ಹೊಸದರಂತೆ ಕಾಣುತ್ತದೆ” ಎಂದರು ನೋಡಬಂದವರು. ಕಾಣುವುದು ನಿಜ. ಆದರೆ ಅವನು ಷಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಬಡಿಯುತ್ತ ಹೋದ. ಗಟ್ಟಿಯಿದ್ದಲ್ಲಿ ಉಕ್ಕು ಗಂಟೆಯಂತೆ ನುಡಿಯಿತು. ಹಿಂದಿನ ಸ್ಪ್ರಿಂಗನ್ನು ಹಿಡಿದಿರುವ ಜಾಗದಲ್ಲಿ ಮಾತ್ರ ಮಂಕು ಸದ್ದು. ಇನ್ನೊಂದೇಟಿಗೆ ಸುತ್ತಿಗೆ ಒಳಕ್ಕೇ ಹೋಯಿತು. ಘಾಟಿಯ ತಿರುವಿನಲ್ಲಿ, ಮನೆಯ ಮಕ್ಕಳೆಲ್ಲ ಕುಳಿತಿರುವಾಗ, ಅದು ಕಳಚಿದ್ದರೆ?

ಹೊಳೆಯುವ ಲೋಹ ಕಾಣುವವರೆಗೂ ಕೊಯ್ದು ತೆಗೆದು, ಬೆಸುಗೆಯವನನ್ನು ಮನೆಗೇ ಕರೆಸಿ, ದಪ್ಪ ತಗಡನ್ನು ಕೂಡಿಸಿದ್ದಾಯಿತು. ಆಮೇಲೆ ಕೆಂಪು ಪ್ರೈಮರು, ಕೊನೆಗೆ ಹಸಿರು ಬಣ್ಣ.

ಎಡಗಡೆಯ ಮಡ್‌ಗಾರ್ಡಿನ ತಗ್ಗನ್ನು ಮಾತ್ರ ಅವನು ತಟ್ಟಿ ಸರಿಪಡಿಸಲಿಲ್ಲ. ತಂದೆ ಮೊದಲ ದಿನವೇ ಹಲಸಿನ ಮರಕ್ಕೆ ಗುದ್ದಿಸಿಕೊಂಡ ಗುರುತು ಅದು.