ಕಿಲೋಮೀಟರಿಗೆ ಹತ್ತು ರೂಪಾಯಿ

ಸಹಾಯಾರ್ಥ ನಡಿಗೆಯಲ್ಲಿ ಕಾಲಿನ ಕೆಲಸಕ್ಕಿಂತ ಬಾಯಿಯ ಕೆಲಸ ಹೆಚ್ಚು. ಹಾಳೆ ಹಿಡಿದು ಮನೆ, ಆಫೀಸು, ಅಂಗಡಿ ಸುತ್ತಬೇಕು. ನಾನು ನಡೆಯುವ ಒಂದೊಂದು ಕಿಲೋಮೀಟರಿಗೂ ಇಷ್ಟು ಕೊಡಿ ಎಂದು ಕೇಳಬೇಕು. ಅಪೌಷ್ಟಿಕ ಮಕ್ಕಳಿಗಾಗಿ ನಡೆಯಲು ಹೆಸರು ಕೊಟ್ಟು ನಾನೂ ಸುತ್ತಿದೆ. ನಮ್ಮ ಬೀದಿಯ ಹೂವಿನಮ್ಮ ಮೊಳ ಹಾಕುತ್ತಲೇ ಕೇಳಿದರು: “ನೀವು ನಡದ್ರೆ ಆ ಮಗೀಗೆ ಹೊಟ್ಟೆ ಹೆಂಗೆ ತುಂಬ್ತದಮ್ಮಾ?”

ಕೇಳಬೇಕಾದ ಮಾತೇ. ಅದಕ್ಕೇ ಅವರಿಗೆ ನಾನು ಕಂಡದ್ದನ್ನು ಹೇಳಿದೆ.

ಸಂಘಟಕರು ನಮ್ಮನ್ನು ಮೊದಲೇ ಒಂದು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ದಿದ್ದರು. ನರ್ಸ್ ಎರಡು ವರ್ಷದ ಹೆಣ್ಣುಮಗುವಿನ ಎಡತೋಳಿಗೆ ಬಣ್ಣದ ಪಟ್ಟಿ ಸುತ್ತಿದರು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಪಟ್ಟಿ ಕೆಂಪಿನಲ್ಲೇ ನಿಂತಿತು. ಮಗು ಅಳಲಿಲ್ಲ, ಅಳುವಷ್ಟು ತ್ರಾಣವೂ ಇರಲಿಲ್ಲ. ಅಂಥ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬಾ ಉಣಿಸುವಂತಿಲ್ಲ, ಜೀವಕ್ಕೇ ಅಪಾಯ. ಅಳೆದ ಹಾಲನ್ನು ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಚೂರುಚೂರೇ ಕುಡಿಸಬೇಕು. ತಾಯಿ ಚಮಚದ ತುದಿಯನ್ನು ತುಟಿಗೆ ತಾಕಿಸಿ, ಬಾಯಿ ತೆರೆಯುವವರೆಗೂ ಕಾಯುತ್ತಿದ್ದಳು. ಮನೆಯಲ್ಲಿ ಏನು ಕೊಡುತ್ತಿದ್ದೆ ಎಂದು ವಿಚಾರಿಸಿದೆ. “ಅಂಗನವಾಡಿ ಹಿಟ್ಟು ಐತಕ್ಕಾ. ಉಣ್ಸೋರು ಯಾರು? ನಾನು ಬೆಳಕು ಹರಿಯೋ ಹೊತ್ಗೆ ಕೂಲಿಗೆ ಹೋಗ್ತೀನಿ. ದೊಡ್ಡೋಳು ಆರು ವರ್ಷದೋಳು, ಅವಳೇ ತಿನ್ನಿಸ್ಬೇಕು.”

ಹೂವಿನಮ್ಮ ದಾರ ಕೆಳಗಿಟ್ಟರು. “ಕಿಲೋಮೀಟ್ರಿಗೆ ಹತ್ತು ರೂಪಾಯಿ ಬರ್ಕೊಳಿ.”

ಮೈ ದಂಡಿಸಿ ಹೊರಟವರಿಗೆ ನಮ್ಮ ಜನ ಇಲ್ಲ ಅನ್ನುವುದಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಅನ್ನ, ನೀರು ಸಿಗುತ್ತದೆ. ಹಾಂಗ್‌ಕಾಂಗ್‌ನ ಗೂರ್ಖಾ ಸೈನಿಕರು 1981ರಲ್ಲಿ ಶುರುಮಾಡಿದ ನೂರು ಕಿಲೋಮೀಟರಿನ ‘ಟ್ರೈಲ್‌ವಾಕರ್’ ಸಹಾಯಾರ್ಥ ನಡಿಗೆ ಆಕ್ಸ್‌ಫ್ಯಾಮ್ ಸಂಸ್ಥೆಯ ಮೂಲಕ 2012ರಲ್ಲಿ ಬೆಂಗಳೂರಿಗೂ ಬಂತು. ನಾಲ್ವರ ತಂಡ 48 ಗಂಟೆಯೊಳಗೆ ಮುಗಿಸಬೇಕಿತ್ತು. ನಮ್ಮದು ಬರೀ ಒಂದು ಬೆಳಗಿನ ನಡಿಗೆ.

ದುಡ್ಡು ಕೂಡಿತು. ಅದನ್ನು ಯಾವುದಕ್ಕೆ ಹಾಕಬೇಕು ಎಂಬ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019-21) ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇದನ್ನು ಓದಿದ ಕೂಡಲೇ ನಮಗೆ ಹೊಳೆಯುವುದು ಪುಡಿಯ ಪೊಟ್ಟಣ, ಬಿಸ್ಕತ್ತಿನ ಡಬ್ಬ. ಫೋಟೊಗೂ ಅವೇ ಚೆನ್ನ. ಆದರೆ ನಾನು ಕಂಡ ಆ ಮಗುವಿನ ಮನೆಯಲ್ಲಿ ಹಿಟ್ಟಿತ್ತು. ಇಲ್ಲದ್ದು ಕೂತು ಉಣಿಸುವ ಕೈ. ಕೇಂದ್ರದಲ್ಲಿ ಸುಮಾರು ಹದಿನಾಲ್ಕು ದಿನ ತಾಯಿ ಮಗುವಿನ ಜೊತೆಗೇ ಇರಬೇಕು. ಸರ್ಕಾರ ಕೂಲಿ ನಷ್ಟಕ್ಕೆ ಭತ್ಯೆ ಕೊಡುತ್ತದೆ, ನಿಜ. ಊರಲ್ಲಿ ಬಿಟ್ಟು ಬಂದ ದೊಡ್ಡ ಮಗಳಿಗೆ ಅನ್ನ ಬೇಯಿಸುವವರು ಬೇಕಲ್ಲ? ಮನೆಗೆ ಮರಳಿದ ಮೇಲೂ ದಿನಕ್ಕೆ ಐದಾರು ಸಲ ಉಣಿಸಬೇಕಲ್ಲ? ತಾಯಿ ಮತ್ತೆ ಕೂಲಿಗೆ ಹೋದರೆ ಪಟ್ಟಿ ಮತ್ತೆ ಕೆಂಪಿಗೇ ಇಳಿಯುತ್ತದೆ.

ಬಂದ ಹಣದಲ್ಲಿ ಊರೊಳಗೆ ಒಬ್ಬ ಅಜ್ಜಿಗೆ ಸಂಬಳ ಕೊಟ್ಟು, ಹಗಲು ಹೊತ್ತು ಇಂಥ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿ ಎಂದು ಸಂಘಟಕರಿಗೆ ಬರೆದು ಕೊಟ್ಟಿದ್ದೇನೆ. ಅವರು ಒಪ್ಪುವವರೆಗೂ ಕೇಳುತ್ತಲೇ ಇರುತ್ತೇನೆ.