ಉಮ್ಮನ ರೇಡಿಯೋಗೆ ಮೊದಲೇ ಗೊತ್ತಾಗುತ್ತಿತ್ತು

2004ರಲ್ಲಿ ಉಪ್ಪಳದ ನಮ್ಮ ಮನೆಗೆ ಮೊದಲ ಮೊಬೈಲ್ ಬಂತು. ದುಬೈಯಿಂದ ರಜೆಗೆ ಬಂದಿದ್ದ ಉಪ್ಪ ತಂದದ್ದು. ಅಡುಗೆಮನೆಯ ಕಿಟಕಿ ಬಿಟ್ಟರೆ ಬೇರೆಲ್ಲೂ ರೇಂಜ್ ಇರಲಿಲ್ಲ. ಅಲ್ಲಿ ಉಮ್ಮನ ರೇಡಿಯೋ ಇತ್ತು, ಮೊಬೈಲೂ ಅದರ ಪಕ್ಕದಲ್ಲೇ ಕೂತಿತು. ಶುಕ್ರವಾರ ಮಂಗಳೂರು ಆಕಾಶವಾಣಿಯ ಹಾಡಿನ ನಡುವೆ ಒಮ್ಮೆಲೇ ‘ಟಿಟ್ ಟಿಟಿಟ್ ಟಿಟಿಟ್... ಜ್ರ್‌ರ್’ ಅನ್ನುವ ಸದ್ದು. ಉಮ್ಮ ಮೀನು ಕೊಯ್ಯುವುದನ್ನು ಬಿಟ್ಟು ಕೈ ತೊಳೆದು ಓಡಿ ಬರುತ್ತಿದ್ದರು. ಅವರು ಮೊಬೈಲ್ ಎತ್ತಿಕೊಂಡ ಮೇಲೆ ಅದು ರಿಂಗ್ ಆಗುತ್ತಿತ್ತು!

ಈ ಸದ್ದು ನೀವೂ ಕೇಳಿರುತ್ತೀರಿ. ಅದೇನೆಂದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ ಮೊಬೈಲ್ ಪರೀಕ್ಷಿಸುವ ಲ್ಯಾಬಿಗೆ ಕೆಲಸಕ್ಕೆ ಸೇರಿದ ಮೇಲೆ.

ಜಿಎಸ್‌ಎಂ ಫೋನ್ ಸತತವಾಗಿ ಮಾತಾಡುವುದಿಲ್ಲ. ಎಂಟು ಜನರ ಸರದಿಯಲ್ಲಿ ತನ್ನ ಪಾಳಿ ಬಂದಾಗ ಮಾತ್ರ ಸಿಡಿದು ಸುಮ್ಮನಾಗುತ್ತದೆ, ಸೆಕೆಂಡಿಗೆ ಸುಮಾರು 217 ಸಲ. ಅದರ ಅಲೆ 900 ಮೆಗಾಹರ್ಟ್ಸ್‌ನದ್ದು, ಕಿವಿಗೆ ಕೇಳುವಂಥದ್ದಲ್ಲ. ಆದರೆ ಯಾವ ಟ್ರಾನ್ಸಿಸ್ಟರೂ ಪೂರ್ತಿ ನೇರ ಮನುಷ್ಯನಲ್ಲ. ಬಂದದ್ದನ್ನು ಬಂದ ಹಾಗೆ ದೊಡ್ಡದು ಮಾಡುವುದರ ಜೊತೆಗೆ ಅದರ ವರ್ಗವನ್ನೂ ಸ್ವಲ್ಪ ಸೇರಿಸಿಬಿಡುತ್ತದೆ. ಅಲೆಯ ವರ್ಗ ಮಾಡಿದರೆ ಅದರ ಏರಿಳಿತ ಮಾತ್ರ ಕೆಳಗಿಳಿದು ಬರುತ್ತದೆ. ಆ 217ರ ಬಡಿತವೇ ಉಮ್ಮನ ಸ್ಪೀಕರಿನ ಜ್ರ್‌ರ್. ರೇಂಜ್ ಕಡಿಮೆ ಇದ್ದಲ್ಲಿ ಫೋನ್ ತನ್ನ ಪೂರ್ತಿ ಶಕ್ತಿ, 2 ವ್ಯಾಟ್‌ವರೆಗೆ, ಹಾಕುತ್ತದೆ. ನಮ್ಮ ಕಿಟಕಿಯ ಸದ್ದು ಅಷ್ಟು ಜೋರಾಗಿದ್ದದ್ದು ಅದಕ್ಕೇ.

ಲ್ಯಾಬಿನಲ್ಲಿ ಇದೇ ಗುಣ ನಮ್ಮ ನಿದ್ದೆ ಕೆಡಿಸಿತು. ಹಳೆಯ ಮಾದರಿಯ ರೇಡಿಯೋ ಸಿಗ್ನಲನ್ನು ನಡುವೆ ಒಂದು ಮೆಟ್ಟಿಲಲ್ಲಿ ನಿಲ್ಲಿಸಿ, ಸೋಸಿ, ಆಮೇಲೆ ಇಳಿಸುತ್ತದೆ. ಡೈರೆಕ್ಟ್ ಕನ್ವರ್ಷನ್ ರಿಸೀವರಿನಲ್ಲಿ ಆ ಮೆಟ್ಟಿಲಿಲ್ಲ. ಮಿಕ್ಸರ್ ಒಂದೇ ಜಿಗಿತಕ್ಕೆ ಸಿಗ್ನಲನ್ನು ಸೊನ್ನೆಯ ಆಸುಪಾಸಿಗೆ ತರುತ್ತದೆ. ಬಿಡಿಭಾಗ ಕಡಿಮೆ, ಫೋನ್ ಅಗ್ಗ. ತೊಂದರೆ ಏನೆಂದರೆ, ಬೇರೆಲ್ಲೋ ಸಿಡಿಯುವ ಜೋರು ಸಿಗ್ನಲಿನ ವರ್ಗವೂ ಅದೇ ಸೊನ್ನೆಗೆ ಬಂದು ಬೀಳುತ್ತದೆ. ಒಂದೇ ಚಾಪೆಯಲ್ಲಿ ಮನೆಯವರೂ ಕಳ್ಳನೂ ಮಲಗಿದ ಹಾಗೆ, ಆಮೇಲೆ ಯಾವ ಫಿಲ್ಟರಿನಿಂದಲೂ ಬೇರೆ ಮಾಡಲಾಗದು. ಆ ಸಿಗ್ನಲಿನ ಬಲ ಬದಲಾಗದೆ ಇದ್ದಿದ್ದರೆ ಬರುವುದು ಬರೀ ಡಿಸಿ, ಅದನ್ನು ಕಳೆಯಬಹುದಿತ್ತು. ನಮ್ಮ ಪಾಳಿಯ ಮಧ್ಯದಲ್ಲಿ ಅದು ಸಿಡಿಯಲು ಶುರು ಮಾಡಿದರೆ ಮಾತು ಕೆಡುತ್ತದೆ. ಇದಕ್ಕೆಂದೇ ಜಿಎಸ್‌ಎಂ ನಿಯಮದಲ್ಲಿ ‘ಎಎಂ ಸಪ್ರೆಷನ್’ ಅನ್ನುವ ಪರೀಕ್ಷೆ ಇದೆ. ನಮ್ಮ ಬೋರ್ಡು ಅದರಲ್ಲೇ ಬಿತ್ತು.

ಕಳ್ಳನನ್ನು ಹಿಡಿಯುವ ಉಪಾಯ ಹಿರಿಯ ಸಹೋದ್ಯೋಗಿಯೊಬ್ಬರು ಕಲಿಸಿದರು. ಹೊರಗಿನ ಸಿಗ್ನಲನ್ನು 3 ಡಿಬಿ ತಗ್ಗಿಸು, ಗಲಾಟೆ 6 ಡಿಬಿ ತಗ್ಗಿದರೆ ಇದು ವರ್ಗದ್ದೇ ಕೆಲಸ. ತಗ್ಗಿತು. ಮಿಕ್ಸರಿನಲ್ಲಿ ತಕ್ಕಡಿಯ ಹಾಗೆ ಎರಡು ಬದಿ ಇರುತ್ತವೆ. ವರ್ಗದ ತಪ್ಪು ಎರಡರಲ್ಲೂ ಸಮನಾಗಿ ಬಂದರೆ ಕಳೆದಾಗ ಸೊನ್ನೆ. ಎರಡು ಟ್ರಾನ್ಸಿಸ್ಟರು ತುಸು ಹೆಚ್ಚುಕಮ್ಮಿ ಆದರೆ ಸಾಕು, ಅಷ್ಟು ಉಳಿದುಬಿಡುತ್ತದೆ. ಆ ಚಿಪ್ಪಿನಲ್ಲಿ ಒಂದು ಬದಿಯನ್ನು ಕೂದಲೆಳೆಯಷ್ಟು ಸರಿಸುವ ಸೌಲಭ್ಯ ಇತ್ತು. ಅಂಕಿ ಬದಲಿಸುತ್ತಾ ಹೋದೆವು, ಸಂಜೆಗೆ ಬೋರ್ಡು ಪಾಸಾಯಿತು.

ಊರಿಗೆ ಹೋದಾಗ ಉಮ್ಮನಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಕರೆ ಇಲ್ಲದಿದ್ದರೂ ಫೋನ್ ಆಗಾಗ ಟವರಿಗೆ ‘ಇಲ್ಲೇ ಇದ್ದೇನೆ’ ಎಂದು ಹಾಜರಿ ಹಾಕುತ್ತದೆ, ಆಗಲೂ ಅದೇ ಸದ್ದು ಬರುತ್ತದೆ ಅಂದೆ. ಉಮ್ಮ ತೊಗರಿ ಆರಿಸುವುದನ್ನು ನಿಲ್ಲಿಸಿದರು.

ಆಗ ನನಗೆ ನೆನಪಾಯಿತು. ಉಪ್ಪನ ಕಂಪೆನಿ ಐದು ತಿಂಗಳು ಸಂಬಳ ಕೊಡದಿದ್ದ ವರ್ಷ ಅದು. ಶುಕ್ರವಾರಗಳು ಸುಮ್ಮನೆ ಕಳೆಯುತ್ತಿದ್ದವು. ರೇಡಿಯೋ ಜ್ರ್‌ರ್ ಅಂದಾಗಲೆಲ್ಲ ಉಮ್ಮ ಓಡಿ ಬಂದು, ಮೊಬೈಲ್ ಹಿಡಿದು ನಿಲ್ಲುತ್ತಿದ್ದರು. ರಿಂಗ್ ಆಗದಿದ್ದರೆ, “ಪಾಪ, ಲೈನ್ ಸಿಕ್ಕಿಲ್ಲ” ಎಂದು ನಮಗೆ ಹೇಳುತ್ತಿದ್ದರು.

“ಅಂದ್ರೆ ಅವರು ಮಾಡ್ಲೇ ಇಲ್ವಾ ಮೋನೇ?”

ಚಾವಡಿಯಲ್ಲಿ ಪೇಪರ್ ಓದುತ್ತಿದ್ದ ಉಪ್ಪ ಒಳಗೆ ನೋಡಿದರು. “ಕಾರ್ಡಿಗೆ ದುಡ್ಡೆಲ್ಲಿತ್ತು?” ಅಂದರು.

ಉಮ್ಮ ಮತ್ತೆ ತೊಗರಿ ಆರಿಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ನನಗೊಬ್ಬನಿಗೇ ಕೇಳುವ ಹಾಗೆ ಅಂದರು: “ನೀನು ಇದನ್ನೆಲ್ಲ ಆಗಲೇ ಕಲಿಯದಿದ್ದದ್ದು ಒಳ್ಳೇದಾಯ್ತು.”